ಎಸ್‌.ಪಿ. ರೋಡಲ್ಲಿ ಅಪ್ಪ, ನಾನು ಮತ್ತು ಒಂದು ಮಾನಿಟರ್

‘ಪಾಠ’ ಅಂತ ಇರಬೇಕಾದ ಕಡೆ ‘ಪಾರ’ ಅಂತ ಇತ್ತು. ಒಳಗಿನ ಒಂದು ಚುಕ್ಕೆ ಇಲ್ಲ, ಅಷ್ಟೆ. ಆದರೆ ಅದು ಮಕ್ಕಳು ಕಲಿಯುವ ಆ್ಯಪ್. ಮೊದಲ ಪರದೆಯಲ್ಲೇ ‘ಪಾರ 1’, ‘ಪಾರ 2’, ‘ಪಾರ 3’ ಅಂತ ಸಾಲಾಗಿ ನಿಂತಿತ್ತು.

ಆ್ಯಪ್‌ಗಳಲ್ಲಿ ಬರುವ ಕನ್ನಡ ಸರಿಯಾಗಿದೆಯಾ ಅಂತ ನೋಡೋದು ನನ್ನ ಕೆಲಸ. ರಾಜಾಜಿನಗರದ ಮನೆಯಲ್ಲೇ ಕೂತು, ದಿನಕ್ಕೆ ಎಂಟು ಗಂಟೆ, ಸಾವಿರಾರು ಸಾಲು ಓದ್ತೀನಿ. ಆ ಚುಕ್ಕೆ ಹಿಡಿಯೋದಕ್ಕೇ ನನಗೆ ಸಂಬಳ ಕೊಡೋದು.

ಹದಿನೈದು ದಿನಕ್ಕೆ ಇನ್ನೊಂದು ತಪ್ಪು. ಹಣ ಕಳಿಸುವ ಆ್ಯಪ್‌ನಲ್ಲಿ ‘ಧನ ವರ್ಗಾವಣೆ ಯಶಸ್ವಿಯಾಗಿದೆ’ ಅನ್ನೋದು ‘ದನ ವರ್ಗಾವಣೆ ಯಶಸ್ವಿಯಾಗಿದೆ’ ಆಗಿ ಹೋಗಿತ್ತು. ಆಫೀಸಿನ ಗ್ರೂಪಿನಲ್ಲಿ ಎಲ್ಲರೂ ಹಸುವಿನ ಇಮೋಜಿ ಹಾಕಿ ನಕ್ಕರು. ನಾನೂ ನಕ್ಕೆ. ಮೂರನೇ ಸಲ ‘ರಾಷ್ಟ್ರೀಯ’ದ ರ ಒತ್ತು ಬಿದ್ದು ಹೋದಾಗ ಯಾರೂ ನಗಲಿಲ್ಲ. ಮ್ಯಾನೇಜರ್ ವಿಡಿಯೊ ಕಾಲ್‌ನಲ್ಲಿ ಮೆತ್ತಗೆ ಹೇಳಿದರು: ‘ಮಾರ್ಚ್‌ನಲ್ಲಿ ನಿಮ್ಮ ಕಾಂಟ್ರ್ಯಾಕ್ಟ್ ರಿನ್ಯೂ ಆಗ್ಬೇಕು. ನಂಬರ್ಸ್ ನೋಡ್ತಾರೆ. ಸ್ವಲ್ಪ ಹುಷಾರು.’

ಕಣ್ಣೇ ಹೋಯ್ತೇನೋ ಅಂತ ಭಯ ಆಯ್ತು. ಸಂಜೆ ಹೊತ್ತಿಗೆ ಹಣೆ ಸಿಡಿಯುತ್ತಿತ್ತು, ಕತ್ತು ಹಿಡಿದುಕೊಳ್ಳುತ್ತಿತ್ತು. ಕಣ್ಣಿನ ಡಾಕ್ಟರ್ ಹತ್ತಿರ ಹೋದರೆ, ‘ಪವರ್ ಬದಲಾಗಿಲ್ಲ. ಸ್ಕ್ರೀನ್ ಎಂಥದ್ದು?’ ಅಂದರು.

ಸ್ಕ್ರೀನ್ ಎಂಥದ್ದು ಅಂತ ಹೇಳೋಕೆ ನನಗೆ ಹೆಮ್ಮೆಯೇ ಇತ್ತು. 27 ಇಂಚು! ಹಬ್ಬದ ಆಫರ್‌ನಲ್ಲಿ ಆನ್‌ಲೈನಲ್ಲಿ 11 ಸಾವಿರಕ್ಕೆ ತಗೊಂಡಿದ್ದೆ.

ಸವೆದ ಮೊಳೆ

ಆ ಹೆಮ್ಮೆ ಇಳಿಸಿದ್ದು ಅಪ್ಪ. ಒಂದು ಸಂಜೆ ಕಾಫಿ ಲೋಟ ಟೇಬಲ್ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಹತ್ತಿರ ತಂದರು. ‘ಇದೇನೇ, ಅಕ್ಷರ ಎಲ್ಲಾ ಸವೆದ ಮೊಳೆ ಥರ ಇದೆ?’

ಅಪ್ಪ ಕಬ್ಬನ್‌ಪೇಟೆಯ ಒಂದು ಪ್ರೆಸ್‌ನಲ್ಲಿ ಕೆಲಸ ಮಾಡುತ್ತಿದ್ದವರು. ಸೀಸದ ಮೊಳೆ ಜೋಡಿಸೋದರಿಂದ ಶುರು ಮಾಡಿ, ಕರಡು ತಿದ್ದುವ ತನಕ. ಒಂದೇ ಮೊಳೆಯನ್ನು ಸಾವಿರಾರು ಸಲ ಅಚ್ಚು ಹಾಕಿದರೆ ಅಂಚು ಸವೆದು ‘ಠ’ದ ಚುಕ್ಕೆ ಮಸಿಯಲ್ಲಿ ಮುಚ್ಚಿಹೋಗುತ್ತಿತ್ತಂತೆ. ಆಮೇಲೆ ಡಿಟಿಪಿ ಬಂತು, ಮೊಳೆಗಳು ತೂಕಕ್ಕೆ ಹೋದವು. ಅಪ್ಪ ‘ನುಡಿ’ಯಲ್ಲಿ ಟೈಪ್ ಮಾಡೋದು ಕಲಿತು ಇನ್ನಷ್ಟು ವರ್ಷ ಅಲ್ಲೇ ಇದ್ದರು. ಪ್ರೆಸ್ ಮುಚ್ಚಿದ ಮೇಲೆ ಆ ಕಡೆ ಹೋಗಿದ್ದೇ ಇಲ್ಲ.

ಅವತ್ತು ರಾತ್ರಿ ಲೆಕ್ಕ ಹಾಕಿ ನೋಡಿದೆ. ನನ್ನ ಪರದೆ ಫುಲ್ ಎಚ್‌ಡಿ. ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್. ಒಟ್ಟು ಸುಮಾರು 20.7 ಲಕ್ಷ ಚುಕ್ಕೆ. ಅದನ್ನು 27 ಇಂಚಿಗೆ ಹರಡಿದರೆ ಒಂದು ಇಂಚಿಗೆ ಸಿಗೋದು 82 ಚುಕ್ಕೆ. ನೀವು ಈಗ ಇದನ್ನು ಓದುತ್ತಿರುವ ಫೋನಿನಲ್ಲಿ ಅದು ಸಾಮಾನ್ಯವಾಗಿ 400ರ ಆಸುಪಾಸು. ಫೋನಿನಲ್ಲಿ ಕಾಣೋ ಒತ್ತಕ್ಷರ ಕಂಪ್ಯೂಟರಿನಲ್ಲಿ ಯಾಕೆ ಕರಗಿಹೋಗುತ್ತೆ ಅನ್ನೋದಕ್ಕೆ ಉತ್ತರ ಅಲ್ಲೇ ಇತ್ತು.

ಇಂಗ್ಲಿಷ್ ಓದುವವರಿಗೆ ಇದು ಅಷ್ಟಾಗಿ ಕಾಡೋದಿಲ್ಲ. ಅವರ ಅಕ್ಷರದಲ್ಲಿ ಗೆರೆ ಕಡಿಮೆ. ನಮ್ಮದು ಹಾಗಲ್ಲ. ‘ದ’ಕ್ಕೂ ‘ಧ’ಕ್ಕೂ ಇರೋ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ‘ರ’ಕ್ಕೂ ‘ಠ’ಕ್ಕೂ ಒಂದು ಚುಕ್ಕೆ. ‘ಷ್ಟ್ರ’ದಲ್ಲಿ ಒಂದು ಅಕ್ಷರದ ಕಾಲಡಿ ಎರಡು ಅಕ್ಷರ ಮುದುರಿಕೊಂಡು ಕೂತಿವೆ. ಸಣ್ಣ ಗಾತ್ರದಲ್ಲಿ ಆ ಚುಕ್ಕೆಗೆ ಸಿಗೋದು ಒಂದೋ ಎರಡೋ ಪಿಕ್ಸೆಲ್. ಅದೂ ಪೂರ್ತಿ ಕಪ್ಪಲ್ಲ, ಬೂದು.

ಜೂಮ್ ಮಾಡಬಹುದಿತ್ತಲ್ಲ ಅಂತ ಕೇಳ್ತೀರಿ. ಮಾಡಿದ್ದೆ. ಆದರೆ ನನ್ನ ಎದುರಿಗೆ ಒಟ್ಟೊಟ್ಟಿಗೆ ಮೂರು ಕಾಲಂ ಇರಬೇಕು: ಇಂಗ್ಲಿಷ್, ಕನ್ನಡ, ಟಿಪ್ಪಣಿ. ಜೂಮ್ ಮಾಡಿದರೆ ಒಂದು ಕಾಲಂ ಪರದೆಯಿಂದ ಆಚೆ ಓಡಿಹೋಗುತ್ತೆ. ದಿನವಿಡೀ ಅಡ್ಡಡ್ಡ ಸ್ಕ್ರಾಲ್ ಮಾಡ್ತಾ ಕೂತರೆ ಕೆಲಸ ಮುಗಿಯಲ್ಲ.

‘ಸರಿ, ಹೊಸದು ತಗೋಬೇಕು. ಈ ಸಲ ಕಣ್ಣಾರೆ ನೋಡೇ ತಗೊಳ್ಳೋದು. ಶನಿವಾರ ಎಸ್‌.ಪಿ. ರೋಡಿಗೆ ಹೋಗ್ತೀನಿ’ ಅಂದೆ.

ಅಪ್ಪ ಪೇಪರಿನಿಂದ ತಲೆ ಎತ್ತದೆ, ‘ನಾನೂ ಬರ್ತೀನಿ’ ಅಂದರು.

ಶುಕ್ರವಾರ ರಾತ್ರಿ ಅವರು ತಮ್ಮ ಹಳೇ ಲ್ಯಾಪ್‌ಟಾಪ್ ಎದುರು ತುಂಬಾ ಹೊತ್ತು ಏನೋ ಕುಟ್ಟುತ್ತಿದ್ದರು. ಮಲಗೋ ಮುಂಚೆ ಒಂದು ಪುಟ ನನ್ನ ಮಾನಿಟರ್ ಮೇಲೆ ತೆರೆದು, ‘ಇದನ್ನೊಂದು ಓದಿ ತಪ್ಪು ಹೇಳು’ ಅಂದರು. ಆರು ತಪ್ಪು ಹಿಡಿದೆ. ಅವರು ಏನೂ ಹೇಳದೆ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಮಲಗಲು ಹೋದರು.

ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದು

ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್, ಚಿಕ್ಕಪೇಟೆ ದಾಟಿ ಕೆ.ಆರ್. ಮಾರ್ಕೆಟ್. ಕಾರು ತಗೊಂಡು ಹೋಗೋ ಯೋಚನೆ ಇದ್ದರೆ ಬಿಟ್ಟುಬಿಡಿ. ಈ ಭಾಗದಲ್ಲಿ ಪಾರ್ಕಿಂಗ್ ಹುಡುಕೋದರೊಳಗೆ ಮಾನಿಟರ್‌ನ ಮುಂದಿನ ಮಾಡೆಲ್ ಬಂದಿರುತ್ತೆ.

ನೆಲದಡಿಯಿಂದ ಮೇಲೆ ಬಂದರೆ ಹೂವಿನ ವಾಸನೆ, ಕೊಳೆತ ಸೊಪ್ಪಿನ ವಾಸನೆ, ಬಿಎಂಟಿಸಿ ಹೊಗೆ, ಎಲ್ಲಾ ಒಟ್ಟಿಗೆ. ಪಕ್ಕದಲ್ಲೇ ಕೋಟೆ. ಕೆಂಪೇಗೌಡರು 1537ರಲ್ಲಿ ಮಣ್ಣಿನಲ್ಲಿ ಕಟ್ಟಿಸಿದ್ದನ್ನು ಹೈದರಾಲಿ 1761ರಲ್ಲಿ ಕಲ್ಲಿಗೆ ಬದಲಾಯಿಸಿದ. ಈಗ ಉಳಿದಿರೋದು ದೆಹಲಿ ಬಾಗಿಲು ಮತ್ತು ಒಂದಿಷ್ಟು ಗೋಡೆ.

ಅಪ್ಪ ಮಾರ್ಕೆಟ್ ಕಡೆ ಕೈ ತೋರಿಸಿ, ‘ಬೆಂಗಳೂರಲ್ಲಿ ಮೊದಲು ಕರೆಂಟ್ ದೀಪ ಹತ್ತಿದ್ದು ಇಲ್ಲೇ, ಗೊತ್ತಾ?’ ಅಂದರು. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಬಂದು ಬೀದಿದೀಪ ಬೆಳಗಿತ್ತು. ‘ನೀನು ಈಗ ಕೊಳ್ಳೋಕೆ ಬಂದಿರೋದೂ ಒಂದು ದೀಪಾನೇ ಅಲ್ವಾ? ಮುಂದೆ ಅಕ್ಷರ ಅಂಟಿಸಿದ ದೀಪ.’

ಹೌದಲ್ಲ ಅನ್ನಿಸಿತು. ಎಲ್‌ಸಿಡಿ ಪರದೆ ಅಂದರೆ ಹಿಂದೆ ಒಂದು ಎಲ್‌ಇಡಿ ದೀಪ, ಮುಂದೆ ಆ ಬೆಳಕನ್ನು ಬಿಡುವ, ತಡೆಯುವ ಲಕ್ಷಾಂತರ ಕಿಟಕಿ. ನಾವು ದಿನಕ್ಕೆ ಎಂಟು ಗಂಟೆ ದೀಪವನ್ನೇ ದಿಟ್ಟಿಸಿಕೊಂಡು ಕೂರೋ ಜನ.

ಎಸ್‌.ಜೆ.ಪಿ. ರೋಡ್ ಹಿಡಿದು ನಡೆದೆವು. ಪಂಪು, ಮೋಟರು, ಡ್ರಿಲ್ಲು, ಬೋಲ್ಟು. ಈ ಹಳೇ ಊರಿನ ರೀತಿಯೇ ಅದು. ಒಂದು ಬೀದಿಗೆ ಒಂದು ಕಸುಬು. ಅಕ್ಕಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಹೆಸರೇ ಬೋರ್ಡು. ಇವತ್ತಿಗೂ ಪುಸ್ತಕಕ್ಕೆ ಅವೆನ್ಯೂ ರೋಡು, ಸೀರೆಗೆ ಚಿಕ್ಕಪೇಟೆ, ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ, ಗಾಡಿ ಬಿಡಿಭಾಗಕ್ಕೆ ಜೆ.ಸಿ. ರೋಡು. ಕಂಪ್ಯೂಟರಿಗೆ ಎಸ್‌.ಪಿ. ರೋಡು, ಅಂದರೆ ಸದರ್ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಹೇಳಿದರೆ ಆಟೊದವರಿಗೂ ಒಂದು ಕ್ಷಣ ಹೊಳೆಯಲ್ಲ.

ದಾರಿ ತಪ್ಪಿಸಿ ಅಪ್ಪ ಒಂದು ಗಲ್ಲಿಗೆ ತಿರುಗಿದರು. ನಾನು ಕೇಳಲಿಲ್ಲ. ಕಬ್ಬನ್‌ಪೇಟೆಯ ಕಡೆ ಒಂದು ಹಳೇ ಕಟ್ಟಡದ ಮುಂದೆ ನಿಂತರು. ಈಗ ಅಲ್ಲಿ ಪ್ಲಾಸ್ಟಿಕ್ ಸಾಮಾನಿನ ಗೋದಾಮು. ಬಕೆಟ್ಟುಗಳು ಒಂದರೊಳಗೊಂದು ಕೂತು ಸೂರಿನವರೆಗೆ ಹೋಗಿದ್ದವು. ‘ಆ ಕಿಟಕಿ ಹತ್ರ ನನ್ನ ಟೇಬಲ್ಲು. ಬೆಳಕು ಎಡಗಡೆಯಿಂದ ಬರೋದು’ ಅಂದರು. ಅರ್ಧ ನಿಮಿಷ. ಆಮೇಲೆ ‘ನಡಿ, ಲೇಟಾಯ್ತು’.

ಮೀನು ತೋರಿಸುವ ಗೋಡೆ

ಎಸ್‌.ಪಿ. ರೋಡನ್ನು ನೋಡದವರಿಗೆ ಹೇಳಬೇಕಂದರೆ, ಅದು ರಸ್ತೆ ಅನ್ನೋದಕ್ಕಿಂತ ಒಂದು ಉದ್ದದ ಓಣಿ. ಮೇಲೆ ವೈರುಗಳ ಚಪ್ಪರ. ಕೆಳಗೆ ತಳ್ಳುಗಾಡಿ, ಸ್ಕೂಟರು, ತಲೆ ಮೇಲೆ ಪ್ರಿಂಟರ್ ಹೊತ್ತ ಹುಡುಗರು. ಕೆಳ ಅಂತಸ್ತಿನ ಗೂಡಂಗಡಿಯಲ್ಲಿ ರೆಸಿಸ್ಟರ್, ಸೆನ್ಸರ್, ಕೇಬಲ್ಲು. ಪ್ರಾಜೆಕ್ಟ್ ಮಾಡೋ ಎಂಜಿನಿಯರಿಂಗ್ ಮಕ್ಕಳು ಚೀಟಿ ಹಿಡಿದು ನಿಂತಿರ್ತಾರೆ. ಕಡಿದಾದ ಮೆಟ್ಟಿಲು ಹತ್ತಿದರೆ ಲ್ಯಾಪ್‌ಟಾಪು, ಮಾನಿಟರು. ಕನ್ನಡ, ಉರ್ದು, ತಮಿಳು, ಹಿಂದಿ, ಮಾರವಾಡಿ ಎಲ್ಲಾ ಕಿವಿಗೆ ಬೀಳುತ್ತೆ. ಚೌಕಾಸಿ ಮಾತ್ರ ಒಂದೇ ಭಾಷೆ.

ಮೊದಲು ಹೊಕ್ಕಿದ್ದು ದೊಡ್ಡ ಅಂಗಡಿ. ಒಂದು ಗೋಡೆ ತುಂಬಾ ಮಾನಿಟರ್. ಎಲ್ಲದರಲ್ಲೂ ಬಣ್ಣದ ಮೀನು ಈಜುತ್ತಿದ್ದವು. ಬ್ರೈಟ್‌ನೆಸ್ ನೂರಕ್ಕೆ ನೂರು. ನಿಜವಾಗಿಯೂ ಚೆನ್ನಾಗಿತ್ತು.

ಹುಡುಗ ಶುರು ಮಾಡಿದ. ‘ಮೇಡಂ, ಇದು ಕರ್ವ್ಡ್. 165 ಹರ್ಟ್ಸ್. ಒನ್ ಮಿಲಿಸೆಕೆಂಡ್. ಎಚ್‌ಡಿಆರ್ ಕೂಡ ಇದೆ.’

‘ಕನ್ನಡ ಓದೋಕೆ ಯಾವುದು ಚೆನ್ನಾಗಿರುತ್ತೆ?’ ಅಂದೆ.

ಅವನು ನನ್ನನ್ನೇ ನೋಡಿದ. ಪಾಪ, ಅವನನ್ನು ಆವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಕ್ಕಿಲ್ಲ.

ಅವನು ಹೇಳಿದ್ದು ಯಾವುದೂ ಸುಳ್ಳಲ್ಲ. 165 ಹರ್ಟ್ಸ್ ಅಂದರೆ ಸೆಕೆಂಡಿಗೆ 165 ಸಲ ಚಿತ್ರ ಬದಲಾಗುತ್ತೆ. ಗೇಮ್ ಆಡೋರಿಗೆ ಅದು ಬೇಕು. ಓದೋ ಪುಟ ನಿಂತಲ್ಲೇ ನಿಂತಿರುತ್ತೆ. ಅದಕ್ಕೆ 60, 75 ಸಾಕು. 100 ಇದ್ದರೆ ಸ್ಕ್ರಾಲ್ ನಯವಾಗಿರುತ್ತೆ. ಇನ್ನು ಮೀನು? ಮೀನಿಗೆ ಒತ್ತಕ್ಷರ ಇಲ್ಲ. ಹರಿಯೋ ಬಣ್ಣದಲ್ಲಿ ಎಂಥಾ ಪರದೆಯೂ ಸುಂದರವಾಗೇ ಕಾಣುತ್ತೆ.

ನನ್ನ ಲ್ಯಾಪ್‌ಟಾಪ್ ಜೋಡಿಸಿ ನೋಡಬಹುದಾ ಅಂತ ಕೇಳಿದೆ. ‘ಡಿಸ್‌ಪ್ಲೇ ಪೀಸ್ ಮುಟ್ಟೋ ಹಾಗಿಲ್ಲ ಮೇಡಂ. ಡಬ್ಬ ಓಪನ್ ಮಾಡಿದ್ರೆ ನಿಮ್ದೇ.’ ಆಮೇಲೆ ದನಿ ತಗ್ಗಿಸಿ, ‘ಬಿಲ್ ಬೇಡಾಂದ್ರೆ ರೇಟು ಕಮ್ಮಿ ಮಾಡ್ಬಹುದು.’

ಅಪ್ಪ ಆಗಲೇ ಮೆಟ್ಟಿಲ ಹತ್ತಿರ ಇದ್ದರು. ‘ಬಿಲ್ಲಿಲ್ದೆ ಮೂರು ವರ್ಷದ ವಾರಂಟಿ ಯಾರನ್ನ ಕೇಳೋದು? ಮೀನನ್ನಾ?’

ಮೂರು ಪರದೆ, ಮೂರು ಪುಟ

ನಾಲ್ಕನೇ ಅಂಗಡಿ ಚಿಕ್ಕದು. ಮೊದಲ ಮಹಡಿ, ಎರಡು ಫ್ಯಾನು, ಒಂದು ಉದ್ದದ ಟೇಬಲ್ಲು. ಮಾಲೀಕರಿಗೆ ಐವತ್ತರ ಹತ್ತಿರ ವಯಸ್ಸು. ನಾನು ಲ್ಯಾಪ್‌ಟಾಪ್ ತೆಗೆದಿದ್ದೇ ತಡ, ‘ನೋಡಿ ನೋಡಿ, ಎಚ್‌ಡಿಎಂಐ ಹಾಕ್ಕೊಳ್ಳಿ’ ಅಂತ ಕೇಬಲ್ ಕೈಗಿಟ್ಟರು. ಅಪ್ಪನಿಗೊಂದು ಪ್ಲಾಸ್ಟಿಕ್ ಸ್ಟೂಲು.

ಆಗ ಅಪ್ಪ ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ‘ನಿನ್ನೆ ನೀನು ಓದಿದ ಪುಟದಲ್ಲಿ ಹತ್ತು ತಪ್ಪು ಹಾಕಿದ್ದೆ. ನೀನು ಹಿಡಿದದ್ದು ಆರು. ಇದರಲ್ಲಿ ಇನ್ನೂ ಮೂರು ಪುಟ ಇದೆ. ಒಂದೊಂದರಲ್ಲೂ ಹತ್ತತ್ತು. ಒಂದೊಂದು ಪರದೆ ಮೇಲೆ ಒಂದೊಂದು ಓದು.’

ಅಂಗಡಿಯವರು ಗಲ್ಲಾ ಬಿಟ್ಟು ಬಂದು ನಮ್ಮ ಹಿಂದೆ ನಿಂತರು.

ಮೊದಲನೇದು 24 ಇಂಚು, ಫುಲ್ ಎಚ್‌ಡಿ. ಬೆಲೆ ಒಂಬತ್ತು ಸಾವಿರದ ಚಿಲ್ಲರೆ. ಇಂಚಿಗೆ 92 ಚುಕ್ಕೆ. ನೋಡಿದ ತಕ್ಷಣ ನಮ್ಮ ಮನೆಯದಕ್ಕಿಂತ ನೀಟು ಅನ್ನಿಸಿತು. ಓದಿದೆ. ಏಳು ಸಿಕ್ಕವು. ಒಂದೇ ಒಂದು ಹೆಚ್ಚು. ಯಾಕೆ ಅಂತ ಆಮೇಲೆ ಹೊಳೀತು. ಚುಕ್ಕೆಗಳು ಒತ್ತೊತ್ತಾಗಿ ಕೂತಿವೆ, ನಿಜ. ಆದರೆ ಒಂದೊಂದು ಅಕ್ಷರಕ್ಕೆ ಸಿಗೋ ಚುಕ್ಕೆಗಳ ಲೆಕ್ಕ ಅಷ್ಟೇ ಇದೆ. ಅದೇ ಸವೆದ ಮೊಳೆ, ಗಾತ್ರ ಮಾತ್ರ ಚಿಕ್ಕದು.

ಎರಡನೇದು 27 ಇಂಚು, ಕ್ಯುಎಚ್‌ಡಿ. 2560 ಅಡ್ಡ, 1440 ಉದ್ದ. ಒಟ್ಟು 36.9 ಲಕ್ಷ ಚುಕ್ಕೆ, ಇಂಚಿಗೆ 109. ಮೊದಲಿಗೆ ಅಕ್ಷರ ಪುಟ್ಟದಾಗಿ ಕಂಡವು. ವಿಂಡೋಸ್‌ನ ಸ್ಕೇಲಿಂಗ್ ಅನ್ನು ಶೇ 125ಕ್ಕೆ ಏರಿಸಿದೆ. ಈಗ ಅಕ್ಷರದ ಗಾತ್ರ ಮನೆಯ ಮಾನಿಟರ್‌ನಷ್ಟೇ, ಆದರೆ ಅದನ್ನು ಬಿಡಿಸೋಕೆ ಬಳಸಿದ ಚುಕ್ಕೆ ಜಾಸ್ತಿ. ‘ಠ’ದೊಳಗೆ ಚುಕ್ಕೆ ಚುಕ್ಕೆಯಾಗೇ ಇತ್ತು. ‘ಗ್ರಂಥ’ದ ಥ, ‘ಸ್ತ್ರೀ’ಯ ಒತ್ತುಗಳು ಬಿಡಿಬಿಡಿಯಾಗಿ ಕಂಡವು. ಮೂರು ಕಾಲಮ್ಮೂ ಪರದೆಯೊಳಗೇ ಇದ್ದವು. ಒಂಬತ್ತು ಹಿಡಿದೆ.

ಮೂರನೇದು 27 ಇಂಚಿನ 4ಕೆ. 82.9 ಲಕ್ಷ ಚುಕ್ಕೆ, ಇಂಚಿಗೆ 163. ಅದನ್ನು ನೋಡಿ ಅಪ್ಪ ಸ್ಟೂಲಿನಿಂದ ಎದ್ದೇಬಿಟ್ಟರು. ‘ಆಹಾ, ಹೊಸ ಮೊಳೆ!’ ಅಂದರು. ಅಚ್ಚು ಹಾಕಿದ ಪುಸ್ತಕವೇ. ಆದರೆ ಮೌಸ್ ಎಳೆದರೆ ಬಾಣ ತಡವರಿಸುತ್ತಿತ್ತು. ನನ್ನ ಹಳೇ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4; ಅದು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲಕ್ಕಿಂತ ಹೆಚ್ಚು ಕಳಿಸಲಾರದು. ಪರದೆ ತಪ್ಪಲ್ಲ, ನನ್ನ ಲ್ಯಾಪ್‌ಟಾಪ್‌ನದ್ದು. ಓದಿದೆ. ಇಲ್ಲೂ ಒಂಬತ್ತು.

‘ಹತ್ತನೇದು ಯಾವುದು?’ ಅಂತ ಕೇಳಿದೆ.

ಅಪ್ಪ ಬೆರಳಿಟ್ಟು ತೋರಿಸಿದರು. ‘ವಿಶೇಶ’. ಹಿಂದಿನ ಪುಟದಲ್ಲಿ ಬಿಟ್ಟಿದ್ದು ‘ಭಾಶೆ’. ಶ, ಷ ಎರಡೂ ಸ್ಪಷ್ಟವಾಗೇ ಕಾಣುತ್ತಿದ್ದವು. ನಾನೇ ಓದಿರಲಿಲ್ಲ. ಬಾಯಲ್ಲಿ ಹೇಳಿಕೊಂಡು ಮುಂದೆ ಹೋಗಿದ್ದೆ.

‘ಒಂಬತ್ತರ ತನಕ ಪರದೆ ಸಹಾಯ ಮಾಡುತ್ತೆ. ಹತ್ತನೇದು ನಿಂದು’ ಅಂದರು. ಬೈದದ್ದಲ್ಲ. ಕರಡು ತಿದ್ದೋರು ಕರಡು ತಿದ್ದೋರಿಗೆ ಹೇಳಿದ ಹಾಗಿತ್ತು.

‘ಹಂಗಾದ್ರೆ ಯಾವುದು ತಗೊಳ್ಳೋದು? 4ಕೆನಾ?’

‘ಎರಡರಲ್ಲೂ ಓದ್ಬಹುದು. ಒಂದು ಸುಂದರ, ಒಂದು ಸಾಕು. ದುಡ್ಡು ನಿಂದು.’

4ಕೆಯ ಬೆಲೆ ಸುಮಾರು ಒಂಬತ್ತು ಸಾವಿರ ಹೆಚ್ಚು. ಮಾರ್ಚ್‌ನಲ್ಲಿ ಏನಾಗುತ್ತೋ ಗೊತ್ತಿಲ್ಲದ ಹೊತ್ತಿನಲ್ಲಿ ನನಗೆ ‘ಸಾಕು’ ಅನ್ನೋದೇ ಸರಿ ಅನ್ನಿಸಿತು.

ಬಿಲ್ಲು, ಬೆಲೆ, ಡಬ್ಬ

ಅಂಗಡಿಯವರು ಅದೇ ಬೆಲೆಯ ಇನ್ನೊಂದು ಕ್ಯುಎಚ್‌ಡಿಯನ್ನೂ ತೋರಿಸಿದರು. ಅದು ವಿಎ ಪ್ಯಾನೆಲ್. ಕಪ್ಪು ಬಣ್ಣ ಕಡುಗಪ್ಪು; ಸಿನಿಮಾ ನೋಡೋರಿಗೆ ಇಷ್ಟವಾಗುತ್ತೆ. ಆದರೆ ಪಕ್ಕದ ಸ್ಟೂಲಿನಿಂದ ಅಪ್ಪ ನೋಡಿದರೆ ಬಣ್ಣ ಪೇಲವ. ನಾನು ಆರಿಸಿದ್ದು ಐಪಿಎಸ್. ಯಾವ ಕೋನದಿಂದ ನೋಡಿದರೂ ಹೆಚ್ಚುಕಡಿಮೆ ಒಂದೇ ಥರ.

ಸ್ಟ್ಯಾಂಡ್ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ನೆನಪಿಸಿದ್ದು ಅಪ್ಪನ ಕತ್ತು. ಅವರದ್ದು ಬೈಫೋಕಲ್ ಕನ್ನಡಕ. ಓದೋ ಗಾಜು ಕೆಳಗಿರುತ್ತೆ. ಪರದೆ ಎತ್ತರದಲ್ಲಿದ್ದರೆ ಗಲ್ಲ ಮೇಲೆತ್ತಿ ಓದಬೇಕು. ಅವರಿಗೆ ತಗ್ಗಿಸಬೇಕು, ನನಗೆ ಏರಿಸಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿದ್ದರೆ ಕತ್ತಿಗೆ ಒಳ್ಳೇದು. ಮನೆಯ ಮಾನಿಟರ್ ಹಿಂದೆ ಮುಂದೆ ಬಾಗುತ್ತಿತ್ತೇ ಹೊರತು ಮೇಲೆ ಕೆಳಗೆ ಹೋಗುತ್ತಿರಲಿಲ್ಲ. ಎರಡು ವರ್ಷ ಅದರ ಕೆಳಗೆ ಎರಡು ಡಿಕ್ಷನರಿ ಇಟ್ಟಿದ್ದೆ, ಆದರೂ ಸಾಲುತ್ತಿರಲಿಲ್ಲ. ಎತ್ತರ ಬದಲಾಯಿಸಬಹುದಾದ ಸ್ಟ್ಯಾಂಡಿಗೆ ಒಂದಿಷ್ಟು ಹೆಚ್ಚು ಕೊಟ್ಟೆ. ಕತ್ತು ನೋವಿಗೆ ಕೊಟ್ಟ ಫೀಸಿಗಿಂತ ಕಡಿಮೆಯೇ.

ಹೇಳಿದ ಬೆಲೆ 18,900. ಅಪ್ಪ ಮಾತಾಡಿ 18,200ಕ್ಕೆ ಇಳಿಸಿದರು, ಶೇ 18 ಜಿಎಸ್‌ಟಿ ಸೇರಿ, ಪಕ್ಕಾ ಬಿಲ್ಲಿನಲ್ಲಿ. ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ನೋಡಿದೆ. ಆನ್‌ಲೈನಲ್ಲಿ ಅದೇ ಮಾಡೆಲ್ 400 ರೂಪಾಯಿ ಕಡಿಮೆ ಇತ್ತು. ಅಪ್ಪನಿಗೆ ತೋರಿಸಿದೆ.

‘ಒಂದೂವರೆ ಗಂಟೆ ಅವರ ಕರೆಂಟು, ಅವರ ಕುರ್ಚಿ, ಮೂರು ಮಾನಿಟರ್ ಉಪಯೋಗಿಸಿದ್ದೀವಿ. ನಾನೂರು ರೂಪಾಯಿ ಕೊಟ್ಬಿಡು’ ಅಂದರು.

ಡಬ್ಬ ಒಡೆದು ಅಲ್ಲೇ ಹಚ್ಚಿಸಿದೆವು. ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ. ಒಂದೊಂದು ಬಣ್ಣದ ಪುಟವನ್ನೂ ಅಪ್ಪ ಮೂಲೆಯಿಂದ ಮೂಲೆಗೆ ನೋಡಿದರು. ಸತ್ತ ಪಿಕ್ಸೆಲ್ ಒಂದೂ ಇರಲಿಲ್ಲ. ಬ್ರೈಟ್‌ನೆಸ್ ಪೂರ್ತಿ ಇಳಿಸಿ, ಫೋನಿನ ಕ್ಯಾಮೆರಾ ಹಿಡಿದು ದಪ್ಪ ಪಟ್ಟಿ ಓಡುತ್ತಾ ಅಂತಲೂ ನೋಡಿದೆ. ಕೆಲವು ಮಾನಿಟರ್‌ಗಳು ಬೆಳಕು ಕಡಿಮೆ ಮಾಡೋದಕ್ಕೆ ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸುತ್ತವೆ. ಕೆಲವರಿಗೆ ಅದರಿಂದಲೂ ತಲೆನೋವು. ಪಟ್ಟಿ ಇರಲಿಲ್ಲ.

ಡಬ್ಬ ನನ್ನ ಎದೆಯವರೆಗೆ ಬಂತು. ಆಟೊ ಹಿಡಿದೆವು. ಅದು ನಮ್ಮಿಬ್ಬರ ಮಧ್ಯೆ ಮೂರನೇ ಪ್ಯಾಸೆಂಜರ್ ಥರ ಕೂತಿತ್ತು. ಮೆಜೆಸ್ಟಿಕ್ ದಾಟೋವರೆಗೂ ಅಪ್ಪ ಒಂದು ಕೈ ಅದರ ಮೇಲಿಟ್ಟೇ ಇದ್ದರು.

ನೀವೂ ಹೋಗೋದಾದ್ರೆ

• ಶನಿವಾರ ಬೆಳಗ್ಗೆ ಅಂಗಡಿ ತೆರೆಯೋ ಹೊತ್ತಿಗೆ ಹೋಗಿ. ಭಾನುವಾರ ಬಹುತೇಕ ಅಂಗಡಿಗಳ ಬಾಗಿಲು ಹಾಕಿರುತ್ತೆ.

• ನಿಮ್ಮ ಲ್ಯಾಪ್‌ಟಾಪ್, ನಿಮ್ಮ ಕೇಬಲ್, ನಿಮ್ಮ ಪುಟ ಒಯ್ಯಿರಿ. ಕೋಡ್ ಬರೆಯೋರು ಕೋಡ್, ಎಕ್ಸೆಲ್‌ನವರು ಎಕ್ಸೆಲ್, ಫೋಟೊದವರು ಫೋಟೊ. ಮೀನು ನೋಡಿ ಮರುಳಾಗಬೇಡಿ.

• ಓದೋ ಕೆಲಸಕ್ಕೆ 27 ಇಂಚಿನಲ್ಲಿ ಫುಲ್ ಎಚ್‌ಡಿ ಬೇಡ. ಬಜೆಟ್ ಹತ್ತು ಸಾವಿರದೊಳಗಿದ್ದರೆ 24 ಇಂಚೇ ಒಳ್ಳೇದು. ಮ್ಯಾಕ್ ಇರೋರು ಇನ್ನೂ ಎಚ್ಚರ. 2018ರ ಮೊಹಾವಿಯಿಂದ ಈಚೆಗೆ ಮ್ಯಾಕ್ ಅಕ್ಷರದ ಅಂಚು ತಿದ್ದುವ ರೀತಿ ಬದಲಾಗಿದೆ, ಕಡಿಮೆ ಪಿಕ್ಸೆಲ್ ಪರದೆಯಲ್ಲಿ ಮಸುಕಾಗಿ ಕಾಣುತ್ತೆ.

• ಲ್ಯಾಪ್‌ಟಾಪಿನಲ್ಲಿ ಯಾವ ಪೋರ್ಟ್ ಇದೆ ಅಂತ ಮನೆಯಲ್ಲೇ ನೋಡಿಕೊಳ್ಳಿ. ಯುಎಸ್‌ಬಿ ಸಿ ಇರೋ ಮಾನಿಟರ್‌ಗಳಲ್ಲಿ ಕೆಲವು ಒಂದೇ ವೈರಿನಲ್ಲಿ ಚಿತ್ರ, ಚಾರ್ಜಿಂಗ್ ಎರಡೂ ಕೊಡುತ್ತವೆ. ಎಷ್ಟು ವ್ಯಾಟ್ ಅಂತ ಕೇಳಿ.

• ಎತ್ತರದ ಸ್ಟ್ಯಾಂಡ್ ಇಲ್ಲದಿದ್ದರೆ ಹಿಂದೆ ವೆಸಾ ರಂಧ್ರ ಇದೆಯಾ ನೋಡಿ. ಸಾಮಾನ್ಯವಾಗಿ 100 ಮಿಲಿಮೀಟರ್ ಚೌಕದಲ್ಲಿ ನಾಲ್ಕು ತೂತು. ಆಮೇಲೆ ಬೇಕಾದರೆ ಟೇಬಲ್ ಆರ್ಮ್ ಹಾಕಿಸಬಹುದು.

• ಸತ್ತ ಪಿಕ್ಸೆಲ್ ಎಷ್ಟಿದ್ದರೆ ಬದಲಾಯಿಸಿ ಕೊಡ್ತಾರೆ ಅಂತ ದುಡ್ಡು ಕೊಡೋ ಮುಂಚೆಯೇ ಕೇಳಿ. ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

• ಎಷ್ಟೇ ಒಳ್ಳೆ ಪರದೆ ಇರಲಿ, 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ. ನಮ್ಮ ಮನೆಯಲ್ಲಿ ಆ 20 ಅಡಿಗೆ ಎದುರು ಮನೆಯ ತೆಂಗಿನಮರ ಸಿಗುತ್ತೆ.

ಹತ್ತನೇ ತಪ್ಪು

ಹೊಸ ಮಾನಿಟರ್ ಬಂದು ಮೂರು ತಿಂಗಳಾಯ್ತು. ಸಂಜೆಯ ತಲೆನೋವು ತುಂಬಾ ಕಡಿಮೆಯಾಗಿದೆ. ಕತ್ತು ಆಗಾಗ ಹಿಡಿಯುತ್ತೆ, ಅದಕ್ಕೆ ನನ್ನ ಸೋಮಾರಿತನವೂ ಕಾರಣ. ಹಳೇ 27 ಇಂಚು ತಮ್ಮನ ರೂಮಿಗೆ ಹೋಯ್ತು. ಅವನು ಅದರಲ್ಲಿ ಕ್ರಿಕೆಟ್ ನೋಡ್ತಾನೆ, ಅವನಿಗೆ ಅದರಲ್ಲಿ ಒಂದು ತಪ್ಪೂ ಕಂಡಿಲ್ಲ.

ಮಾರ್ಚ್‌ನಲ್ಲಿ ಕಾಂಟ್ರ್ಯಾಕ್ಟ್ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಈ ಮೂರು ತಿಂಗಳಲ್ಲಿ ಒಂದು ತಪ್ಪು ಕೈ ತಪ್ಪಿ ಹೋಯ್ತು. ‘ವಿಷಯ’ ಇರಬೇಕಾದ ಕಡೆ ‘ವಿಶಯ’. ಅದೇ ಹತ್ತನೇದು. ಮ್ಯಾನೇಜರಿಗೆ ಹೇಳೋ ಮುಂಚೆ ಅಪ್ಪನಿಗೆ ಹೇಳಿದೆ.

ಅವರು ಒಂದು ಹಳೇ ಮರದ ಸ್ಕೇಲ್ ತಂದುಕೊಟ್ಟರು. ಪ್ರೆಸ್‌ನಲ್ಲಿದ್ದಾಗಿನದು. ಓದೋ ಸಾಲಿನ ಕೆಳಗೆ ಅದನ್ನು ಅಡ್ಡ ಹಿಡಿದು, ಮುಂದಿನ ಸಾಲು ಮುಚ್ಚಿ, ಮೆಲ್ಲಗೆ ಬಾಯಿ ಬಿಟ್ಟು ಓದಬೇಕಂತೆ. ಹದಿನೆಂಟು ಸಾವಿರದ ಪರದೆಯ ಮೇಲೆ ಮರದ ಸ್ಕೇಲ್ ಹಿಡಿದು ಕೂತಿದ್ದೀನಿ ಈಗ. ವಿಡಿಯೊ ಕಾಲ್ ಬಂದಾಗ ಮಾತ್ರ ಪಕ್ಕಕ್ಕಿಡ್ತೀನಿ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅಪ್ಪ ಕಾಫಿ ತಂದು, ಪರದೆಯನ್ನು ಮೂರು ಬೆರಳು ಕೆಳಗಿಳಿಸಿ, ನಾನು ಆವತ್ತು ಮುಗಿಸಿದ ಪುಟಗಳ ಮೇಲೆ ಒಂದು ಸಲ ಕಣ್ಣಾಡಿಸ್ತಾರೆ. ಹತ್ತು ನಿಮಿಷ. ಆಮೇಲೆ ಪರದೆಯನ್ನು ಮತ್ತೆ ನನ್ನ ಎತ್ತರಕ್ಕೆ ಏರಿಸಿ ಲೋಟ ತಗೊಂಡು ಹೋಗ್ತಾರೆ. ತಪ್ಪು ಸಿಕ್ಕ ದಿನ ಲೋಟ ಬಿಟ್ಟು ಹೋಗಿರ್ತಾರೆ.